ಭುಜಂಗನಿಗೆ ತೊಟ್ಟಿಲು ಆಗುವುದಿಲ್ಲ

ನಮ್ಮ ಕಡೆ ಎಕ್ಸಿಬಿಷನ್ನಿನ ಜಯಂಟ್ ವ್ಹೀಲಿಗೂ ತೊಟ್ಟಿಲು ಎಂದೇ ಹೆಸರು. ಕೂಸು ಮಲಗುವುದೂ ತೊಟ್ಟಿಲು, ದೊಡ್ಡವರು ಟಿಕೆಟು ತೆಗೆದು ಕಿರುಚುವುದೂ ತೊಟ್ಟಿಲು. ಇದರಿಂದ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಆದದ್ದು ಭುಜಂಗನಿಗೆ, ಅದೂ ಅವನ ಮದುವೆಯ ದಿನ ಗೊತ್ತಾಗಬೇಕಿದ್ದ ಭಾನುವಾರವೇ.

ಭುಜಂಗ ಉಡುಪಿಯ ಒಂದು ಜವಳಿ ಅಂಗಡಿಯಲ್ಲಿ ಸೇಲ್ಸ್‌ಮನ್. ಮಾತು ನಯ, ನಡತೆ ಚೊಕ್ಕ. ಊನ ಒಂದೇ, ಎತ್ತರ ಕಂಡರೆ ಅವನ ಕೈಕಾಲು ಅವನ ಮಾತು ಕೇಳುತ್ತಿರಲಿಲ್ಲ. ಮೇಲಿನ ಖಾನೆಯ ಸೀರೆ ಕೇಳಿದವರಿಗೆಲ್ಲ "ಅದು ಬಣ್ಣ ಬಿಡ್ತದೆ ಅಮ್ಮಾ" ಎಂದು ಹೇಳಿ ಕೆಳಗಿನ ಖಾನೆಯದ್ದನ್ನೇ ಮಾರುತ್ತಿದ್ದ. ಏಣಿ ಹತ್ತುವ ಸಂಕಟಕ್ಕಿಂತ ಸುಳ್ಳು ಹಗುರ. ಒಮ್ಮೆ ಹೆಬ್ರಿಯಿಂದ ಮುಂದೆ ಘಾಟಿ ಏರುವ ಬಸ್ಸಿನಲ್ಲಿ ಕುಳಿತು, ಎರಡನೆಯ ತಿರುವಿನಲ್ಲೇ ಇಳಿದು ನಡೆದು ವಾಪಸು ಬಂದವನು.

ಇಂಥವನಿಗೆ ಕಾಪುವಿನ ಸುಗಂಧಿ ಒಪ್ಪಿಗೆಯಾಗಿದ್ದಳು. ಹೆಣ್ಣು ನೋಡಲು ಹೋದಾಗ ಅವನು ಗಾಬರಿಯಲ್ಲಿ ಬಿಸ್ಕತ್ತಿನ ಬದಲು ಕರವಸ್ತ್ರದ ತುದಿಯನ್ನು ಚಹಾಕ್ಕೆ ಅದ್ದಿಬಿಟ್ಟಿದ್ದ. ಹಿರಿಯರೆಲ್ಲ ನೋಡದವರಂತೆ ಮುಖ ತಿರುಗಿಸಿದರೆ, ಅವಳೊಬ್ಬಳು ಬಾಯ್ತುಂಬ ನಕ್ಕಿದ್ದಳು. ಆ ನಗು ಅಂದಿನಿಂದ ಭುಜಂಗನ ಕಿವಿಯಲ್ಲೇ ಮನೆ ಮಾಡಿತ್ತು. ಈ ಹುಡುಗಿ ತಪ್ಪಿದರೆ ತನಗೆ ಮದುವೆಯೇ ಬೇಡ ಎಂದು ಅವನು ನಿಶ್ಚಯಿಸಿಬಿಟ್ಟಿದ್ದ.

ಆದರೆ ಅವರ ಕ್ರಮದಲ್ಲಿ ಹುಡುಗಿಯ ಸೋದರಮಾವನ ಮಾತೇ ಕೊನೆಯದು. ಆ ಮಾವ ಶೇಖರ ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದರು. "ಭಾನುವಾರ ಸಂಜೆ ಉಡುಪಿಯ ಎಕ್ಸಿಬಿಷನ್ನಿಗೆ ಬರ್ತೇವೆ. ಹುಡುಗ ಹುಡುಗಿ ತೊಟ್ಟಿಲಲ್ಲಿ ಒಂದು ಸುತ್ತು ಕೂತುಕೊಳ್ಳಲಿ. ಅಲ್ಲೇ ದಿನ ಗೊತ್ತು ಮಾಡುವ" ಎಂದು ಅವರು ಹೇಳಿಕಳಿಸಿದ್ದರು.

ಭಾನುವಾರ ಬೆಳಿಗ್ಗೆ ಭುಜಂಗ ಪಕ್ಕದ ಮನೆಯ ಆಲ್ಫೋನ್ಸನ ಜಗಲಿಯಲ್ಲಿ ತಲೆಗೆ ಕೈಹೊತ್ತು ಕುಳಿತಿದ್ದ. ಆಲ್ಫೋನ್ಸ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಪರೋಪಕಾರಿ. ಮೂರು ನಿಮಿಷದ ಟ್ರಂಕ್ ಕಾಲುಗಳನ್ನು ಕೇಳಿ ಕೇಳಿ, ಫೋನು ಹಿಡಿದರೆ ಕರ್ತೃ ಕರ್ಮ ಎಲ್ಲ ಬಿಟ್ಟು ಬರೀ ಕ್ರಿಯಾಪದದಲ್ಲಿ ಮಾತಾಡುವುದು ಅವನಿಗೆ ರೂಢಿಯಾಗಿತ್ತು.

"ಹೆದರಿಕೆ ಅಂತ ಹೇಳಿದರೆ ಮರ್ಯಾದೆ ಹೋಗ್ತದೆ. ಹತ್ತಿದರೆ ಜೀವ ಹೋಗ್ತದೆ. ಎಂತ ಮಾಡುದು ಮಾರಾಯ?"

"ಅಲ್ಲಿ ಬೋರ್ಡು ಉಂಟಲ್ವಾ? ಹೃದಯದ ಕಾಯಿಲೆ, ಬಿ.ಪಿ., ತಲೆಸುತ್ತು ಇದ್ದವರು ಮತ್ತು ಗರ್ಭಿಣಿಯರು ಹತ್ತಬಾರದು. ಹತ್ತಿದವರ ಜವಾಬ್ದಾರಿ ಅವರದ್ದೇ. ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಗರ್ಭಿಣಿ ಅಂತ ನಿನಗೆ ಹೇಳ್ಲಿಕ್ಕೆ ಆಗುದಿಲ್ಲ. ಉಳಿದದ್ದರಲ್ಲಿ ಒಂದು ಆರಿಸು."

"ಹೃದಯ ಬೇಡ. ಬಿ.ಪಿ.ಯೂ ಬೇಡ. ಹೆಣ್ಣು ಕೊಡುದಿಲ್ಲ."

"ಹಾಗಾದರೆ ಕಾಯಿಲೆಯ ಹೆಸರೇ ಬೇಡ. ಡಾಕ್ಟರು ಬೇಡ ಹೇಳಿದ್ದಾರೆ, ಮುಗೀತು. ಬಾ, ಈಗಲೇ ಫೋನು ಮಾಡುವ."

ಮೂಲೆಯ ಅಂಗಡಿಯಿಂದ ಆಲ್ಫೋನ್ಸ್ ಕಾಪುವಿಗೆ ಲೈನು ಹಾಕಿಸಿದ. ಸುಗಂಧಿಯ ಮನೆಯ ಪಕ್ಕ ಗಣಪನ ಜಿನಸಿ ಅಂಗಡಿ. ಆ ಬದಿಯ ಮನೆಗಳಿಗೆಲ್ಲ ಅವನದ್ದೊಂದೇ ಫೋನು, ಬಂದ ಸುದ್ದಿ ಮುಟ್ಟಿಸುವವನೂ ಅವನೇ. ಭುಜಂಗ ಪಕ್ಕದಲ್ಲಿ ಬೆರಳು ಕಚ್ಚುತ್ತ ನಿಂತು ಈ ಕಡೆಯ ಮಾತನ್ನಷ್ಟೇ ಕೇಳಿಸಿಕೊಂಡ.

"ಗಣಪನಾ? ಉಡುಪಿಯಿಂದ. ಶೇಖರಣ್ಣನಿಗೆ ಹೇಳಬೇಕು. ಭುಜಂಗನಿಗೆ ತೊಟ್ಟಿಲು ಆಗುದಿಲ್ಲ. ಹಾಂ, ತೊಟ್ಟಿಲು. ಡಾಕ್ಟರು ಹೇಳಿದ್ದಾರೆ... ಇಲ್ಲ, ಹುಟ್ಟಿನಿಂದಲೇ ಹಾಗೆ... ಮದ್ದು ಎಂತದೂ ಇಲ್ಲ. ಅದು ಇಲ್ಲದಿದ್ದರೆ ಜನ ಬದುಕುದಿಲ್ವಾ? ಮದುವೆಗೆ ಏನೂ ಅಡ್ಡಿ ಇಲ್ಲ. ಇಡ್ತೇನೆ."

"ಭೇಷ್" ಎಂದ ಭುಜಂಗ. ಅವನ ಎದೆಯ ಮೇಲಿನ ಅಕ್ಕಿಮೂಟೆ ಇಳಿದಂತಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಅವನ ಬಾಡಿಗೆ ಮನೆಯ ಯಜಮಾನಿ ಪ್ರಫುಲ್ಲಕ್ಕ ಒಂದು ಪಾತ್ರೆಯಲ್ಲಿ ಬಂಗುಡೆ ಸಾರು ಹಿಡಿದು ಬಂದಳು. ಅವಳ ತವರು ಕಾಪು. ಅವಳ ತಮ್ಮ ಸ್ವಲ್ಪ ಹೊತ್ತಿನ ಮೊದಲು ಬಸ್ಸಿನಲ್ಲಿ ಮೀನು ತಂದಿದ್ದ, ಮೀನಿನ ಜೊತೆ ಸುದ್ದಿಯನ್ನೂ ತಂದಿದ್ದ. ಪ್ರಫುಲ್ಲಕ್ಕನ ಕಣ್ಣು ಕೆಂಪಾಗಿತ್ತು.

"ಎಲ್ಲ ಕೇಳಿದೆ ಭುಜಂಗಣ್ಣ. ಇಷ್ಟು ದಿನ ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತಾ?"

"ಇದೆಲ್ಲ ಹೇಳಿಕೊಂಡು ತಿರುಗುವಂಥದ್ದಾ ಅಕ್ಕಾ?" ಭುಜಂಗ ನಾಚಿದ.

"ನಾಚಿಕೆ ಎಂತಕ್ಕೆ? ಕಾರ್ಕಳದಲ್ಲಿ ನನ್ನ ದೊಡ್ಡಪ್ಪನ ಮಗನಿಗೂ ತೊಟ್ಟಿಲು ಇಲ್ಲ. ಗಂಡ ಹೆಂಡತಿ ಒಂದು ನಾಯಿ ಸಾಕಿಕೊಂಡು ಸುಖವಾಗಿದ್ದಾರೆ."

ತೊಟ್ಟಿಲು ಹತ್ತದವರು ನಾಯಿಯನ್ನು ಏಕೆ ಸಾಕಬೇಕು ಎಂದು ಭುಜಂಗನಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದ.

"ಮಣಿಪಾಲದಲ್ಲಿ ಈಗ ಇದಕ್ಕೇ ಅಂತ ಬೇರೆ ಡಾಕ್ಟರು ಇದ್ದಾರಂತೆ."

"ತೊಟ್ಟಿಲಿಗೆ ಅಂತಲೇ?"

"ಹೌದಂತೆ. ಗಂಡ ಹೆಂಡತಿ ಇಬ್ಬರೂ ಹೋಗಬೇಕಂತೆ. ತೋರಿಸಿ ನೋಡಿ." ಪ್ರಫುಲ್ಲಕ್ಕ ಸೆರಗಿನಿಂದ ಕಣ್ಣೊರೆಸುತ್ತ ಹೋದಳು. ವಿದ್ಯೆ ಎಲ್ಲಿಗೆ ಮುಟ್ಟಿತಪ್ಪಾ ಎಂದುಕೊಳ್ಳುತ್ತ ಭುಜಂಗ ಎರಡು ಬಂಗುಡೆ ಹೆಚ್ಚೇ ಹೊಡೆದ. ಅದು ಅವನ ಆ ದಿನದ ಎರಡನೆಯ ತಪ್ಪು.

ಸಂಜೆ ಎಕ್ಸಿಬಿಷನ್ನಿನ ಬಾಗಿಲಲ್ಲಿ ಶೇಖರ ಮಾವ ಸಫಾರಿ ಸೂಟು, ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದರು. ಮಸ್ಕತ್ತಿನ ಸೆಂಟಿನ ಪರಿಮಳ ಮೆಣಸಿನ ಬಜ್ಜಿಯ ವಾಸನೆಯನ್ನೂ ಸೋಲಿಸುತ್ತಿತ್ತು. ಹಿಂದೆ ಸುಗಂಧಿ ನೆಲ ನೋಡುತ್ತ ನಿಂತಿದ್ದಳು. ಅವಳು ಅತ್ತಿದ್ದಳು ಎಂದು ಯಾರಿಗಾದರೂ ತಿಳಿಯುವಂತಿತ್ತು. ಆಲ್ಫೋನ್ಸನೂ ಧೈರ್ಯಕ್ಕೆಂದು ಭುಜಂಗನ ಜೊತೆಗೆ ಬಂದಿದ್ದ.

"ಗಣಪ ಹೇಳಿದ್ದು ಹೌದಾ? ನಿಮ್ಮ ಬಾಯಿಂದಲೇ ಕೇಳುವ ಅಂತ ಬಂದೆ" ಎಂದರು ಮಾವ.

"ಹೌದು ಮಾವ. ತೊಟ್ಟಿಲು ನನ್ನಿಂದ ಆಗುದಿಲ್ಲ."

"ಇದನ್ನು ಇಷ್ಟು ಧೈರ್ಯದಲ್ಲಿ ಹೇಳ್ತೀರಲ್ಲ!"

ಭುಜಂಗ ಇದನ್ನು ಮೆಚ್ಚುಗೆ ಎಂದೇ ತಿಳಿದ. ಅವನಿಗೆ ಹುರುಪು ಬಂತು. "ಅದರಲ್ಲಿ ಎಂತ ಸುಖ ಉಂಟು ಮಾವ? ಕಿರುಚಾಟ, ವಾಂತಿ, ದುಡ್ಡು ದಂಡ. ಆಸೆಪಟ್ಟವರೇ ಮತ್ತೆ ಸಾಕಪ್ಪಾ ಸಾಕು ಹೇಳ್ತಾರೆ."

"ಮತ್ತೆ ನಮ್ಮ ಹುಡುಗಿಯ ಆಸೆ?"

"ಅವರಿಗೆ ಅಷ್ಟು ಆಸೆ ಇದ್ದರೆ ಬೇರೆ ಯಾರ ಜೊತೆಗಾದರೂ ಆಗಲಿ. ನನಗೇನೂ ಬೇಸರ ಇಲ್ಲ. ನಮ್ಮ ಆಲ್ಫೋನ್ಸ್ ಇದ್ದಾನಲ್ಲ, ಗಟ್ಟಿ ಆಳು."

"ನಾನು ರೆಡಿ" ಎಂದ ಪರೋಪಕಾರಿ ಆಲ್ಫೋನ್ಸ್. "ಒಂದಲ್ಲ, ಎರಡು ಬೇಕಾದರೂ."

ಶೇಖರ ಮಾವ ಕನ್ನಡಕ ತೆಗೆದು ಕಿಸೆಗೆ ಹಾಕಿದರು. ಆಮೇಲೆ ಒಂದು ಕೈಯಲ್ಲಿ ಆಲ್ಫೋನ್ಸನ ಕಾಲರು ಹಿಡಿದು, ಇನ್ನೊಂದು ಕೈಯನ್ನು ತಮ್ಮ ಚಪ್ಪಲಿಯ ಕಡೆಗೆ ಇಳಿಸಿದರು. ಬಜ್ಜಿಯಂಗಡಿಯವನು ಒಲೆ ಬಿಟ್ಟು ನೋಡಲು ಬಂದ.

"ನಾನು ಎಂತ ತಪ್ಪು ಹೇಳಿದೆ ಮಾವ?" ಎಂದು ಭುಜಂಗ ಬೆಪ್ಪಾಗಿ ಕೇಳಿದ. "ಅವರಿಬ್ಬರು ಮೇಲೆ ಹೋಗಿ ಬರಲಿ, ನಾನು ಕೆಳಗೆ ನಿಂತು ಬ್ಯಾಗು ಹಿಡಿದುಕೊಳ್ತೇನೆ ಅಂತ..."

ಸುಗಂಧಿ ತಟ್ಟನೆ ತಲೆಯೆತ್ತಿದಳು. "ಮಾವಾ, ಬಿಡಿ ಅವರನ್ನು! ಇವರು ಹೇಳುದು ಆ ತೊಟ್ಟಿಲು! ಮಕ್ಕಳ ವಿಷಯ ಸೇರಿಸಿದ್ದು ಗಣಪ!"

ಅವಳ ಬೆರಳು ತೋರಿಸಿದ ಕಡೆ ದೀಪದ ಮಾಲೆ ಹಾಕಿಕೊಂಡ ಜಯಂಟ್ ವ್ಹೀಲು ಗರಗರ ತಿರುಗುತ್ತಿತ್ತು. ಮಾವ ಅದನ್ನು ನೋಡಿದರು, ಭುಜಂಗನನ್ನು ನೋಡಿದರು, ಕಾಲರನ್ನು ಬಿಟ್ಟರು. ಸುಗಂಧಿ ನಗತೊಡಗಿದಳು, ಆ ಕರವಸ್ತ್ರದ ದಿನದ ನಗುವೇ. ಭುಜಂಗನಿಗೆ ನಿಧಾನವಾಗಿ ನಾಯಿ, ಮಣಿಪಾಲ, ಬಂಗುಡೆ ಸಾರು ಎಲ್ಲ ಅರ್ಥವಾಗಿ ಕಿವಿ ಬಿಸಿಯಾಯಿತು.

"ಹಾಗಾದರೆ ಡಾಕ್ಟರು ಬೇಡ ಹೇಳಿದ್ದು?"

"ಡಾಕ್ಟರೂ ಇಲ್ಲ, ಎಂತದೂ ಇಲ್ಲ ಮಾವ. ನನಗೆ ಹೆದರಿಕೆ."

ಮಾವ ನಗಲಿಲ್ಲ. "ಇಡೀ ಕಾಪುವಿಗೆ ಈಗ ಹುಡುಗ ಸರಿ ಇಲ್ಲ ಅಂತ ಆಗಿದೆ. ನಾಲ್ಕು ಜನ ನೋಡುವ ಹಾಗೆ ಒಮ್ಮೆ ಹತ್ತಿ ಇಳಿಯಿರಿ. ಹುಡುಗ ಗಟ್ಟಿ ಉಂಟು ಅಂತ ನಾನು ಎದೆ ತಟ್ಟಿ ಹೇಳ್ತೇನೆ. ಇಲ್ಲದಿದ್ದರೆ ಅಕ್ಕನ ಹತ್ತಿರ ಯಾವ ಮುಖದಲ್ಲಿ ಮಾತಾಡುದು?"

"ತಲೆಸುತ್ತು ಇದ್ದವರು ಹತ್ತಬಾರದು ಅಂತ ಬೋರ್ಡಿನಲ್ಲಿ ಸುಮ್ಮನೆ ಬರೆದದ್ದಲ್ಲ" ಎಂದಳು ಸುಗಂಧಿ. "ಬೇಡ. ನನಗೆ ಹಟ ಇಲ್ಲ."

ಅವಳು ಬೇಡ ಎಂದದ್ದೇ ತಡ, ಭುಜಂಗನಿಗೆ ಹತ್ತದೆ ನಿರ್ವಾಹವಿಲ್ಲ ಎನ್ನಿಸಿತು. ಇಷ್ಟು ಒಳ್ಳೆಯ ಹುಡುಗಿಯನ್ನು ಒಂದು ಸುತ್ತಿಗಾಗಿ ಕಳೆದುಕೊಳ್ಳುವುದುಂಟೇ? ಬೋರ್ಡಿನ ಕೊನೆಯ ಸಾಲನ್ನು ಎರಡು ಸಲ ಓದಿ, ಕಣ್ಣು ಮುಚ್ಚಿ ಅವಳ ಪಕ್ಕದಲ್ಲಿ ಹೋಗಿ ಕುಳಿತ.

ಪೆಟ್ಟಿಗೆ ಮೇಲಕ್ಕೆ ಏರಿತು. ಏರಿ, ನೆತ್ತಿಗೆ ಮುಟ್ಟಿ, ಅಲ್ಲೇ ನಿಂತಿತು. ಉಡುಪಿಯಲ್ಲಿ ಕರೆಂಟು ಹೋಗಿತ್ತು.

"ಕೆಳಗೆ ಬಂತಾ?" ಎಂದ ಭುಜಂಗ ಕಣ್ಣು ಬಿಡದೆ.

"ಬಂದೇ ಬಿಟ್ಟಿತು" ಎಂದಳು ಸುಗಂಧಿ. ಅವನ ಕೈ ಹಿಡಿದುಕೊಂಡಳು. "ಈಗ ನೆಲ ಸಿಗ್ತದೆ."

ಆ ಕೈಯ ಸುಖಕ್ಕೆ ಭುಜಂಗ ಕಣ್ಣು ಬಿಟ್ಟ. ಬಿಡಬಾರದಿತ್ತು. ಕತ್ತಲೆಯ ಆಚೆ, ಎಷ್ಟೋ ದೂರದಲ್ಲಿ ಕಾಪುವಿನ ಲೈಟ್‌ಹೌಸ್ ಅವನ ಸಮಸಮಕ್ಕೆ ಮಿಣಕ್ ಎಂದಿತು. ಬಂಗುಡೆ ಸಾರು ಬಂದ ದಾರಿಯಲ್ಲೇ ಹೊರಟಿತು. ಕೆಳಗೆ ಮುಖವೆತ್ತಿ "ಹೆದರಬೇಡ ಮಾರಾಯ" ಎನ್ನುತ್ತಿದ್ದ ಆಲ್ಫೋನ್ಸ್ ಹೇಗೋ ಪಕ್ಕಕ್ಕೆ ಹಾರಿದ.

ಕರೆಂಟು ಬಂದು ಕೆಳಗಿಳಿದಾಗ ಭುಜಂಗನ ಮುಖ ಒಗೆದು ಒಣಹಾಕಿದ ಬೈರಾಸಿನಂತಿತ್ತು. ಆದರೂ ಶೇಖರ ಮಾವ ಅವನನ್ನು ತಬ್ಬಿಕೊಂಡರು. "ಇಷ್ಟು ಹೆದರಿಕೆ ಇದ್ದೂ ಹತ್ತಿದ್ದಾನೆ. ಬರುವ ತಿಂಗಳೇ ಮದುವೆ" ಎಂದರು. ಆಮೇಲೆ ಆಲ್ಫೋನ್ಸನ ಕಡೆ ತಿರುಗಿ, "ಫೋನು ಮಾಡಿ ಹಾಳು ಮಾಡಿದವನೇ ಫೋನು ಮಾಡಿ ಸರಿ ಮಾಡಲಿ" ಎಂದರು.

ಆಲ್ಫೋನ್ಸ್ ಎದುರಿನ ಹೋಟೆಲಿಗೆ ಓಡಿದ. ಸ್ವಲ್ಪ ಹೊತ್ತಿನಲ್ಲೇ ನಗುತ್ತ ಬಂದು, "ಎಲ್ಲ ಸರಿ ಮಾಡಿದೆ. ಗಣಪನಿಗೆ ಭಾರೀ ಖುಷಿ" ಎಂದ. ಎಲ್ಲರೂ ಮಸಾಲೆ ದೋಸೆ ತಿಂದರು. ಭುಜಂಗ ಮಾತ್ರ ಸೋಡಾ ಕುಡಿದ. ಬಸ್ಸು ಹೊರಟಾಗ ಸುಗಂಧಿ ಕಿಟಕಿಯಿಂದ ಕೈಬೀಸಿದಳು. ತನ್ನಷ್ಟು ಪುಣ್ಯವಂತ ಉಡುಪಿಯಲ್ಲಿ ಬೇರೆ ಇಲ್ಲ ಎಂದು ಭುಜಂಗನಿಗೆ ಅನ್ನಿಸಿತು.

ಮನೆಯ ಅಂಗಳದಲ್ಲಿ ಪ್ರಫುಲ್ಲಕ್ಕ ಸೆರಗು ಸಿಕ್ಕಿಸಿಕೊಂಡು ಏನನ್ನೋ ಒರೆಸುತ್ತಿದ್ದಳು. ಅಟ್ಟದಿಂದ ಇಳಿಸಿದ ಮರದ ತೊಟ್ಟಿಲು. ಅವಳ ತಮ್ಮ ಕಾಪುವಿಗೆ ಹೋದವನು ಮುಂದಿನ ಬಸ್ಸಿನಲ್ಲೇ ಮತ್ತೆ ಬಂದು ಜಗಲಿಯಲ್ಲಿ ಕುಳಿತಿದ್ದ. ಈ ಸಲ ಮೀನು ತಂದಿರಲಿಲ್ಲ.

"ಇದು ಎಂತ ಅಕ್ಕಾ?"

"ಮಧ್ಯಾಹ್ನ ನಾನು ಕಣ್ಣೀರು ಹಾಕಿದ್ದು ದಂಡ" ಎಂದಳು ಪ್ರಫುಲ್ಲಕ್ಕ, ಅವನ ಮುಖ ನೋಡದೆ.

ಭುಜಂಗ ಆಲ್ಫೋನ್ಸನ ಕಡೆ ತಿರುಗಿದ. "ನೀನು ಫೋನಿನಲ್ಲಿ ಎಂತ ಹೇಳಿದೆ?"

"ಹೆಚ್ಚು ಎಂತದೂ ಇಲ್ಲ ಮಾರಾಯ. ಬೆಳಿಗ್ಗೆ ಹೇಳಿದ್ದು ತಪ್ಪು, ತೊಟ್ಟಿಲು ಆಗ್ತದೆ ಅಂದೆ. ಆಗಿಯೂ ಆಯ್ತು, ಹುಡುಗ ಹುಡುಗಿ ಇಬ್ಬರೇ ಇದ್ದದ್ದು, ಕರೆಂಟು ಇರಲಿಲ್ಲ ಅಂದೆ. ಈಗ ವಾಂತಿ, ತಲೆಸುತ್ತು ಉಂಟು, ಗಾಬರಿ ಬೇಡ ಅಂದೆ. ಮಾವನಿಗೂ ಗೊತ್ತುಂಟು, ಅದಕ್ಕೇ ಮದುವೆ ಬೇಗ ಇಟ್ಟುಕೊಂಡದ್ದು ಅಂದೆ. ಮೂರು ನಿಮಿಷ ಸಹ ಬೇಕಾಗಲಿಲ್ಲ."

ಸುಗಂಧಿಯ ಬಸ್ಸು ಕಾಪು ತಲುಪುವ ಹೊತ್ತು ಅದು. ಗಣಪನ ಅಂಗಡಿ ಬಸ್‌ಸ್ಟಾಪಿನ ಎದುರಿಗೇ ಇತ್ತು.

ಸಮತಟ್ಟಾದ ಅಂಗಳದಲ್ಲೇ ಭುಜಂಗನಿಗೆ ತಲೆ ಸುತ್ತಿತು. ಆಸರೆಗೆ ತೊಟ್ಟಿಲಿನ ಅಂಚು ಹಿಡಿದ.

"ಹಾಂ, ಹಿಡಿದುಕೊಳ್ಳಿ" ಎಂದಳು ಪ್ರಫುಲ್ಲಕ್ಕ. "ಇನ್ನು ಜವಾಬ್ದಾರಿ ಎಲ್ಲ ನಿಮ್ಮದೇ."