ಕಣ್ಣು ಮುಚ್ಚಿಕೊಂಡು ಮಾಡಿದ ಜಗಳ

ನಾನು ಹುಟ್ಟಾ ಜಗಳಗಂಟಿ. ಆದರೆ ಕಣ್ಣು ಮುಚ್ಚಿಕೊಂಡು ಜಗಳವಾಡುವುದನ್ನು ಕಲಿತದ್ದು ಮಾತ್ರ ಚರ್ಚಿನಲ್ಲಿ. ನಮ್ಮ ಕಮಿಟಿಗಳಲ್ಲಿ ಮಾತಿನಲ್ಲಿ ಸೋತವರು ಪ್ರಾರ್ಥನೆಯಲ್ಲಿ ಗೆಲ್ಲುತ್ತಾರೆ. "ಕರ್ತನೇ, ಹಬ್ಬದ ಅಡುಗೆ ಹೊತ್ತವರಿಗೆ ಉಪ್ಪಿನ ವಿವೇಕ ಕೊಡು" ಎಂದು ಯಾರಾದರೂ ಬೇಡಿಕೊಂಡರೆ, ಸಾರು ಮಾಡಿದಾಕೆಯೂ ತಲೆ ಬಗ್ಗಿಸಿ ಆಮೆನ್ ಎನ್ನಲೇಬೇಕು. ಪ್ರಾರ್ಥನೆಯ ನಡುವೆ ಬಾಯಿ ಹಾಕುವ ಹಾಗಿಲ್ಲ. ಕರ್ನಾಟಕದಿಂದ ನೈರೋಬಿಗೆ ಬರುವಾಗ ಉಪ್ಪಿನಕಾಯಿಯ ಜೊತೆ ಈ ಪದ್ಧತಿಯನ್ನೂ ಕಟ್ಟಿಕೊಂಡು ಬಂದಿದ್ದೇವೆ.

ಶುಕ್ರವಾರ ಸಂಜೆ ನಾನು ಇಲ್ಲಿನ ನ್ಗಾರಾ ಬಡಾವಣೆಯ ಸರ್ಕಾರಿ ಶಾಲೆಯೊಂದರಲ್ಲಿ ನಮ್ಮ ಚರ್ಚಿನ ಮಕ್ಕಳ ಕ್ಲಬ್ ನಡೆಸುತ್ತೇನೆ. ಹಾಡು, ಬೈಬಲ್ ಕಥೆ, ಕೊನೆಗೆ ಎಣ್ಣೆಯಲ್ಲಿ ಕರಿದ ಬಿಸಿ ಮಂಡಾಜಿ. ಮಕ್ಕಳ ಆಸಕ್ತಿ ಈ ಕ್ರಮಕ್ಕೆ ಸರಿಯಾಗಿ ಉಲ್ಟಾ. ಮೊದಲ ದಿನವೇ ವಾಂಜಿಕು ಎಂಬ ಹುಡುಗಿ, "ನೀವೂ ಒಂದೇ ಟರ್ಮಾ, ಟೀಚರ್?" ಎಂದು ಕೇಳಿದಳು. ಹಿಂದೆ ಯಾರೋ ಬಂದು, ಟೀಶರ್ಟ್ ಹಂಚಿ, ಫೋಟೋ ಹೊಡೆಸಿಕೊಂಡು ಮಾಯವಾಗಿದ್ದರಂತೆ. "ಇಲ್ಲ, ನಾನು ಬರ್ತಾನೇ ಇರ್ತೀನಿ" ಅಂದುಬಿಟ್ಟೆ. ಮಗುವಿಗೆ ಕೊಟ್ಟ ಮಾತು ಅದು, ಯಾವ ಕಮಿಟಿಯ ಅಪ್ಪಣೆಗೂ ಮುರಿಯತಕ್ಕದ್ದಲ್ಲ.

ನಮ್ಮ ಕಮಿಟಿಯ ಅಧ್ಯಕ್ಷರು ಸ್ಯಾಮ್ಸನ್, ಔಷಧಿ ಕಂಪನಿಯಲ್ಲಿ ಮ್ಯಾನೇಜರ್. ಹೈರಿಡ್ಜ್‌ನ ಅವರ ಮನೆಯಲ್ಲಿ ಕಳೆದ ತಿಂಗಳು ಮೀಟಿಂಗ್. ಗೋಡೆಯ ಟಿವಿಯಲ್ಲಿ ನೈರೋಬಿಯ ನಕ್ಷೆ, ಅದರ ತುಂಬ ಮುಂದೆ ಹಿಡಿಯಬೇಕಾದ ಸರ್ಕಾರಿ ಶಾಲೆಗಳ ಕೆಂಪು ಚುಕ್ಕೆಗಳು. ಊರಿಗೆಲ್ಲ ಸಿಡುಬು ಎದ್ದ ಹಾಗಿತ್ತು.

"ಗ್ರೇಸಕ್ಕ, ನ್ಗಾರಾ ಸೆಟಲ್ ಆಗಿದೆ. ಅದನ್ನ ಯಾರಿಗಾದ್ರೂ ಹ್ಯಾಂಡೋವರ್ ಮಾಡಿ, ನೀವು ಹೊಸ ಸ್ಕೂಲ್ಸ್ ಓಪನ್ ಮಾಡ್ತಾ ಹೋಗಿ. ಗ್ರೋತ್ ಬೇಕಲ್ವಾ?" ಎಂದರು ಸ್ಯಾಮ್ಸನ್.

"ಯಾರಿಗಾದ್ರೂ ಅಂದ್ರೆ ಯಾರಿಗೆ?"

"ದೇವರು ಯಾರನ್ನಾದ್ರೂ ಎಬ್ಬಿಸ್ತಾನೆ."

"ಎಬ್ಬಿಸಿದ್ಮೇಲೆ ಹೇಳಿ. ಅಲ್ಲೀವರೆಗೂ ನಾನು ಕದಲೋಳಲ್ಲ. ಆ ಹೊಸ ಶಾಲೆಗಳವರು ನಮ್ಮನ್ನ ಕರೆದಿದ್ದಾರಾ? ಹೆಡ್‌ಟೀಚರ್‌ನ, ತಂದೆತಾಯೀನ ಕೇಳಿದ್ದೀರಾ?"

"ಅದು ಸೆಕೆಂಡ್ ಫೇಸ್‌ನಲ್ಲಿದೆ, ಅಕ್ಕ."

ನನಗೆ ಮೈಯೆಲ್ಲ ಉರಿಯಿತು. ಕೈಯೆತ್ತಲು ಹೇಳಿದಾಗ ನನ್ನದೊಂದು ಬಿಟ್ಟು ಎಲ್ಲ ಕೈಗಳೂ ನಕ್ಷೆಯ ಪರ ಎದ್ದವು. ಸೀರೆ ಫಾಲ್ ಕೊಳ್ಳಲಷ್ಟೇ ನ್ಗಾರಾಕ್ಕೆ ಕಾಲಿಟ್ಟವರೂ ಎತ್ತಿದರು.

ಗೆದ್ದ ಉದಾರತೆಯಲ್ಲಿ ಸ್ಯಾಮ್ಸನ್ ಒಂದು ತಪ್ಪು ಮಾಡಿದರು. "ಅಕ್ಕ, ನೀವೇ ಪ್ರೇಯರ್ ಮಾಡಿ ಮುಗಿಸಿಬಿಡಿ" ಎಂದರು.

ನಾನು ಕಣ್ಣು ಮುಚ್ಚಿದೆ. "ಕರ್ತನೇ, ಕರೆಯದ ಮನೆಗೆ ಊಟಕ್ಕೆ ಹೋಗದಷ್ಟು ಬುದ್ಧಿ ನಮಗೆ ಕೊಡು. ತಪ್ಪಿಹೋದ ಒಂದು ಕುರಿಯನ್ನು ಹುಡುಕಿ ಹೊರಟವನು ನೀನು, ಟಿವಿಯಲ್ಲಿ ಕುರಿಗಳ ನಕ್ಷೆ ಹಾಕಿಕೊಂಡು ಕೂತವನಲ್ಲ. ವಾಂಜಿಕುವಿಗೆ ಕೊಟ್ಟ ಮಾತನ್ನು ಮುರಿಸುವ ಯೋಜನೆಯನ್ನು ಈ ಮನೆಯ ಹೊಸ್ತಿಲಲ್ಲೇ ತಡೆ." ಅಡುಗೆಮನೆಯ ಸಮೋಸ ತಣ್ಣಗಾಗುವವರೆಗೂ ಬಿಡಲಿಲ್ಲ. ಎಲ್ಲರೂ ಆಮೆನ್ ಎಂದರು. ಸ್ಯಾಮ್ಸನ್ ಕೂಡ, ಹಲ್ಲು ಕಚ್ಚಿಕೊಂಡು. ಅಬ್ಬಾ, ಆ ಸುಖ!

ಮೂಲೆಯ ಕುರ್ಚಿಯಲ್ಲಿದ್ದ ನಮ್ಮ ವಯಸ್ಸಾದ ಪಾಸ್ಟರನ್ನು ನಾನು ಮರೆತೇಬಿಟ್ಟಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಅವರ ಆಶೀರ್ವಾದ ಇರುತ್ತದಲ್ಲ! ಅವರು ಎದ್ದು ಕೈ ಚಾಚಿದರು. ಮತ್ತೆ ಎಲ್ಲರೂ ತಲೆ ತಗ್ಗಿಸಿದೆವು.

"ದೇವರೇ, ಕೊಟ್ಟ ಮಾತಿಗೆ ನಿಲ್ಲುವ ನಮ್ಮ ಸಹೋದರಿಗಾಗಿ ಸ್ತೋತ್ರ. ಮೊದಲು ಶಾಲೆಯವರನ್ನೂ ತಂದೆತಾಯಿಯರನ್ನೂ ಕೇಳಿ, ಕರೆದ ಕಡೆಗೆಲ್ಲ ಹೋಗಿ ಕ್ಲಬ್ ಕಟ್ಟುವ ಹೊಣೆಯನ್ನು, ನ್ಗಾರಾವನ್ನೂ ಬಿಡದೆ, ಸಂತೋಷದಿಂದ ಹೊರಲಿರುವ ಆಕೆಯ ಮಂಡಿಗಳಿಗೆ ಬಲ ಕೊಡು."

ಈಗ ಶುಕ್ರವಾರ ನ್ಗಾರಾದಲ್ಲೇ ಇರುತ್ತೇನೆ. ಅದನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ, ಆಗುವುದೂ ಇಲ್ಲ. ಉಳಿದ ಸಂಜೆಗಳಲ್ಲಿ ಮಟಾಟು ವ್ಯಾನುಗಳನ್ನು ಹತ್ತಿಳಿದು, ಒಂದೊಂದು ಶಾಲೆಯ ಹೆಡ್‌ಟೀಚರ್ ಕೋಣೆಯ ಮುಂದೆ ಮಂಡಿ ಒತ್ತಿಕೊಳ್ಳುತ್ತ ಬೆಂಚಿನ ಮೇಲೆ ಕಾಯುತ್ತಿರುತ್ತೇನೆ. ಪಾಸ್ಟರನ್ನು ದೂರೋಣವೆಂದರೆ ಬಾಯಿಲ್ಲ. ಅವತ್ತು ಹಳೆಯ ಅಭ್ಯಾಸಬಲದಿಂದ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವಳು ನಾನೇ.