ಎದುರಿಗೆ ಬಸ್ ಬಾರದ ರಸ್ತೆ

ಲಾರಿ ಓಡಿಸುವವನಿಗೆ ಪಂಕ್ಚರ್ ಆದರೂ ತಪ್ಪೀತು, ನಗೆಪಾಟಲು ತಪ್ಪದು. ನನ್ನ ಪಾಲಿನ ನಗೆಪಾಟಲಿನಲ್ಲಿ ಅರ್ಧ ಬಂದದ್ದು ಒಂದು ಆಸೆಯಿಂದ. ತೊಂಬತ್ತರ ದಶಕದಲ್ಲಿ ನಾನು ಸೇಲಂನಿಂದ ಸಬ್ಬಕ್ಕಿ ಮೂಟೆ ಸಾಗಿಸುತ್ತಿದ್ದೆ. ಲಾರಿ ಯಜಮಾನರ ಮಗನಿಗೆ ಕಾರ್ ರೇಸಿನ ಹುಚ್ಚು. ವರ್ಷಕ್ಕೆರಡು ಸಲ ಅವನ ರೇಸ್ ಕಾರನ್ನು ಲಾರಿಗೆ ಏರಿಸಿ ಮದರಾಸಿನ ಹತ್ತಿರದ ಟ್ರ್ಯಾಕಿಗೆ ಒಯ್ಯುವುದು ನನ್ನ ಕೆಲಸ. ಆ ಟ್ರ್ಯಾಕಿನಲ್ಲಿ ಒಂದೇ ಒಂದು ಸುತ್ತು ನಾನೂ ಓಡಿಸಬೇಕು ಅನ್ನುವುದು ಆಸೆ. ಹೆಂಡತಿಯನ್ನೂ ನಾನು ಅಷ್ಟು ಬಯಸಿ ಮದುವೆಯಾದವನಲ್ಲ.

ಊರಿಲ್ಲದ ರಸ್ತೆ

ಮೊದಲ ಸಲ ನೋಡಿ ಬಂದವನೇ ನಮ್ಮೂರು ನಂಗವಳ್ಳಿಗೆ ಹೋಗಿ ಅವ್ವನಿಗೆ ವರ್ಣಿಸಿದೆ. ಅವ್ವ ಕಡಲೆಕಾಯಿ ಬಿಡಿಸುತ್ತಾ ಕೇಳಿದಳು:

"ಆ ರೋಡು ಯಾವೂರ್ಗೆ ಓಯ್ತದೆ ಲಾ?"

"ಯಾವೂರ್ಗೂ ಇಲ್ಲ ಕಣವ್ವ. ಸುತ್ಕೊಂಡು ಒಂಟ ಜಾಗಕ್ಕೇ ಬತ್ತದೆ."

"ಯಾರೂ ಅತ್ತಲ್ವಾ, ಇಳಿಯಲ್ವಾ?"

"ಇಲ್ಲ. ಯಾರು ಮೊದ್ಲು ಬತ್ತಾರೋ ಅವ್ರು ಗೆದ್ದಂಗೆ."

ಅವ್ವ ಯೋಚಿಸಿದಳು. "ಅಂಗಾದ್ರೆ ಅಲ್ಲೇ ಕುಂತವ್ನೇ ಮೊದ್ಲು ಬಂದಂಗಲ್ವಾ?"

ನಾನೂ ಕೂತು ಕಡಲೆಕಾಯಿ ಬಿಡಿಸತೊಡಗಿದೆ.

ನಾಲ್ಕು ನಿಂಬೆಹಣ್ಣು

ನಮ್ಮ ಕಡೆ ಚಕ್ರದಡಿ ನಿಂಬೆಹಣ್ಣು ಇಡದೆ ಗಾಡಿಯನ್ನು ಒಳ್ಳೆ ಕೆಲಸಕ್ಕೆ ಹೊರಡಿಸುವುದಿಲ್ಲ. ಮುಂದಿನ ರೇಸಿನಲ್ಲಿ ಕಾರುಗಳು ಸಾಲಾಗಿ ನಿಂತು ಗುರುಗುಡುತ್ತಿದ್ದಾಗ ನಾನು ಓಡಿಹೋಗಿ ನಮ್ಮ ಕಾರಿನ ನಾಲ್ಕೂ ಚಕ್ರಕ್ಕೆ ಒಂದೊಂದು ಇಟ್ಟೆ. ಬಾವುಟ ಹಿಡಿದ ಅಧಿಕಾರಿ ಓಡಿ ಬಂದ.

"ಎನ್ನಯ್ಯಾ ಇದು?"

"ಎಲುಮಿಚ್ಚಂಪಳಂ ಸಾರ್," ನಿಂಬೆಹಣ್ಣು ಅಂದೆ.

ಮುಂದಿನ ಚಕ್ರಗಳ ಎರಡು ಹಣ್ಣು ಕಿತ್ತು ಜೇಬಿಗೆ ಹಾಕಿಕೊಂಡು ನನ್ನನ್ನು ಅಟ್ಟಿದ. ಮೂರನೇ ತಿರುವಿನಲ್ಲಿ ನಮ್ಮ ಕಾರಿನ ಮುಂದಿನ ಚಕ್ರಗಳೇ ಜಾರಿ, ಕಾರು ಮರಳಿಗೆ ನುಗ್ಗಿತು. ಸಂಜೆ ಅದೇ ಅಧಿಕಾರಿ ಬಂದು, ಅಕ್ಕಪಕ್ಕ ನೋಡಿ, ಮೆಲ್ಲಗೆ ಕೇಳಿದ: "ಹೊಸ ಸ್ಕೂಟರ್ ತಗೊಂಡಿದೀನಿ. ಎರಡು ಸಾಕಲ್ವಾ?"

ಒಳ ಅಂಚು

ರೇಸಿಗೆ ಮುಂಚಿನ ದಿನ ಟ್ರ್ಯಾಕನ್ನು ಕಾಲ್ನಡಿಗೆಯಲ್ಲಿ ನೋಡುವ ಪದ್ಧತಿ. ಚಿನ್ನಯ್ಯ, ಯಜಮಾನರ ಮಗನನ್ನು ನಾನು ಕರೆಯುತ್ತಿದ್ದುದು ಹಾಗೆ, ನನ್ನನ್ನೂ ಕರೆದುಕೊಂಡು ಹೋದ. ಉದ್ದನೆಯ ನೇರ ದಾರಿ, ಕೊನೆಗೆ ಬಲತಿರುವು. ಅಲ್ಲಿ ಬ್ರೇಕನ್ನು ಆದಷ್ಟು ತಡವಾಗಿ ಒತ್ತಬೇಕಂತೆ. ಹೊರ ಅಂಚಿನಿಂದ ಬಂದು, ಒಳ ಅಂಚನ್ನು ಮುಟ್ಟಿ, ಮತ್ತೆ ಹೊರ ಅಂಚಿಗೆ ಬಿಡಬೇಕಂತೆ. ಒಂದು ಗೇಣು ತಪ್ಪಿದರೆ ಮುಂದಿನ ತಿರುವೂ ಕೆಟ್ಟಂತೆ.

"ಎದುರಿಗೆ ಬಸ್ ಬಂದ್ರೆ?" ಅಂದೆ.

"ಬರಲ್ಲಣ್ಣ."

ಎದುರಿಗೆ ಬಸ್ಸೇ ಬಾರದ ರಸ್ತೆ! ನನಗೆ ಎದೆ ತುಂಬಿ ಬಂತು. ಅಂದಿನಿಂದ ತೊಪ್ಪೂರು ಘಾಟಿ ಇಳಿಯುವಾಗಲೆಲ್ಲ ಕೈ ತುರಿಸುತ್ತಿತ್ತು. ತಡೆಯಲಾರದೆ ಒಂದು ದಿನ ಒಳ ಅಂಚು ಮುಟ್ಟಿಯೇಬಿಟ್ಟೆ. ಎದುರಿಗೆ ಧರ್ಮಪುರಿ ಬಸ್ಸು. ಇಬ್ಬರ ಬ್ರೇಕೂ ಕಿರುಚಿ, ಮೂತಿಗೆ ಮೂತಿ ತಾಗುವಷ್ಟರಲ್ಲಿ ನಿಂತೆವು. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಉಂಗಪ್ಪನ್ ವೀಟ್ಟು ರೋಡಾ?" ಅಂದ, ನಿಮ್ಮಪ್ಪನ ಮನೆ ರಸ್ತೆಯಾ ಅಂತ.

ಅಲ್ಲ ಅನ್ನುವುದೇ ಸ್ವಾಮಿ ನನ್ನ ದುಃಖ.

ರಿವರ್ಸ್ ಗೇರ್

ಕೊನೆಗೆ ಚಿನ್ನಯ್ಯನಿಗೆ ಮದುವೆ ಗೊತ್ತಾಯಿತು. ರೇಸ್ ಸಾಕು, ಕಾರು ಮಾರು ಅಂದರು ಯಜಮಾನರು. ಕೊನೆಯ ಸಲವೆಂದು ಒಂದು ರೇಸಿಗೆ ಹೋದೆವು. ಇನ್ನು ನನಗೂ ಆ ಕಡೆ ಕೆಲಸವಿಲ್ಲ.

ರೇಸೆಲ್ಲ ಮುಗಿಯಿತು. ನಮ್ಮ ಕಾರು, ಕಾರು ನಿಲ್ಲಿಸುವ ಶೆಡ್ಡಿನಿಂದ ಇನ್ನೂರು ಗಜ ಮುಂದೆ, ಟ್ರ್ಯಾಕಿನಲ್ಲೇ ಕೆಟ್ಟು ನಿಂತಿತ್ತು. ಅಲ್ಲಿದ್ದ ದೊಡ್ಡ ಅಧಿಕಾರಿ ನನಗೆ ಹೇಳಿದರು: "ಲಾರಿ ತಗೊಂಡೋಗಿ ಕಾರು ಏರಿಸ್ಕೊ. ರಿವರ್ಸಲ್ಲೇ ವಾಪಸ್ ಬಾ."

ಕಾರು ಏರಿಸಿದೆವು. ಚಿನ್ನಯ್ಯ ಪಕ್ಕದಲ್ಲಿ ಕೂತ. ಮುಂದೆ ಇಡೀ ಟ್ರ್ಯಾಕು ಖಾಲಿ ಬಿದ್ದಿತ್ತು. ಗೇರಿನ ಮೇಲೆ ಕೈ ಇಟ್ಟೆ.

"ಚಿನ್ನಯ್ಯಾ, ರಿವರ್ಸ್ ಬೀಳ್ತಾ ಇಲ್ಲ."

ಅವನು ನನ್ನ ಮುಖ ನೋಡಿದ. "ಬೀಳ್ದಿದ್ರೆ ಮುಂದ್ಕೇ ಓಗಣ್ಣ."

ಹೋದೆ. ಲಾರಿಯ ಹಲಗೆಗಳೆಲ್ಲ ತಾಳ ಹಾಕುತ್ತಿದ್ದವು. ಬಲತಿರುವು ಬಂದಾಗ ಅವನು, "ಬ್ರೇಕಣ್ಣಾ, ಬ್ರೇಕು!" ಎಂದು ಕೂಗಿದ.

"ತಡವಾಗಿ ಒತ್ತು ಅಂದೋರು ನೀವೇ ಅಲ್ವಾ!"

ಲಾರಿ ಒಂದು ಕಡೆ ವಾಲಿ, ಒಳ ಅಂಚು ಮುಟ್ಟಿ, ಹೊರ ಅಂಚಿಗೆ ಬಂತು. ಬಸ್ಸು ಬರಲಿಲ್ಲ. ನಾನು ಅಳುತ್ತಿದ್ದೆ, ಚಿನ್ನಯ್ಯ ನಗುತ್ತಿದ್ದ.

ಸುತ್ತು ಮುಗಿಸಿ ಬಂದಾಗ ದೊಡ್ಡ ಅಧಿಕಾರಿ ಕೆಂಡವಾಗಿ ನಿಂತಿದ್ದರು. "ರಿವರ್ಸ್ ಬಾ ಅಂದ್ರೆ ಎಲ್ಲಿಗಯ್ಯಾ ಹೋಗಿದ್ದೆ?"

"ರಿವರ್ಸ್ ಬೀಳ್ಲಿಲ್ಲ ಸಾರ್," ಎಂದು ಹೇಳಿ, ಅವರ ಕಣ್ಣೆದುರೇ ಲಾರಿಯನ್ನು ನೆಟ್ಟಗೆ ರಿವರ್ಸ್ ತೆಗೆದು ಶೆಡ್ಡಿನ ಬಾಗಿಲಿಗೆ ನಿಲ್ಲಿಸಿದೆ.

"ಇದೇನು ಮತ್ತೆ?"

ಇಳಿದು ಕಣ್ಣೊರೆಸಿಕೊಂಡೆ. "ಒಂದು ಸುತ್ತು ಓಡಿದ್ಮೇಲೆ ಎಲ್ಲಾ ಸರಿಯಾಗೋಯ್ತು ಸಾರ್."