ಕರ್ತೃವಿಲ್ಲದ ವಾಕ್ಯ

ಓದುವುದು ಹೇಗೆಂದು ಕಲಿಸುವವನು ತಾನೂ ಓದಬೇಕೆಂಬ ನಿಯಮ ಎಲ್ಲೂ ಇಲ್ಲ. ಅಂಕೋಲೆಯ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವನ ಅನುಭವದ ಮಾತಿದು. ನಾಲ್ಕು ಸಾಲಿನ ಬರಹವನ್ನು ನಾಲ್ಕು ದಿನ ಪಾಠ ಮಾಡುವುದೇ ನನ್ನ ಹೆಚ್ಚುಗಾರಿಕೆ. ಈ ಮಾತು ಆಡುತ್ತಿರುವವರು ಯಾರು, ಈ ಪದವೇ ಏಕೆ ಎಂದು ನಾನು ಕೆದಕುತ್ತಿದ್ದರೆ ಹಿಂದಿನ ಬೆಂಚಿನವರು ನಿದ್ದೆ ಮಾಡುತ್ತಿದ್ದರು. ಮುಂದಿನವರು ಮೊಬೈಲಿನಲ್ಲಿ ಸಾರಾಂಶ ಹುಡುಕುತ್ತಿದ್ದರು. ನಿಜವಾಗಿ ಓದುತ್ತಿದ್ದವಳು ಅಗಸೂರಿನ ಶೈಲಾ ಒಬ್ಬಳೇ. ಅವಳು ಕೈ ಎತ್ತಿದರೆ ನಾನು ಗಡಿಯಾರ ನೋಡುತ್ತಿದ್ದೆ.

ಕಳೆದ ವರ್ಷ ಒಂದು ದಿನ, ಎಲ್ಲಿಂದಾದರೂ ಚಿಕ್ಕ ಬರಹವೊಂದನ್ನು ತನ್ನಿ, ಒಟ್ಟಿಗೆ ಓದೋಣ ಎಂದೆ. ಒಬ್ಬ ಬಿಸ್ಕತ್ತಿನ ಪೊಟ್ಟಣ ತಂದ, ಖಾಲಿಯದು. ಶೈಲಾ ನಮ್ಮ ಕಾಲೇಜಿನ ನೋಟೀಸು ಬೋರ್ಡಿನಿಂದ ಒಂದು ವಾಕ್ಯ ಬರೆದುಕೊಂಡು ಬಂದಿದ್ದಳು: ‘ಮುಂದಿನ ವರ್ಷದಿಂದ ಐಚ್ಛಿಕ ಕನ್ನಡ ತರಗತಿಗಳನ್ನು ಅಗತ್ಯವಿದ್ದಲ್ಲಿ ನಡೆಸಲಾಗುವುದು.’ ಅವಳ ತಂಗಿಗೆ ಮುಂದಿನ ವರ್ಷ ಅದೇ ತರಗತಿಗೆ ಸೇರುವ ಆಸೆ.

“ನಡೆಸಲಾಗುವುದು ಅಂದ್ರೆ ನಡೆಸೂದು ಯಾರು ಸರ್? ಅಗತ್ಯ ಯಾರಿಗೆ?”

ನನಗೆ ಹಿಗ್ಗೋ ಹಿಗ್ಗು. ವಾಕ್ಯದಲ್ಲಿ ಕರ್ತೃವೇ ಇಲ್ಲ ನೋಡಿ, ಹೊಣೆ ತಪ್ಪಿಸಿಕೊಳ್ಳುವವರು ಬರೆಯುವುದೇ ಹೀಗೆ, ಅಗತ್ಯವಿಲ್ಲ ಎಂದುಬಿಟ್ಟರೆ ತರಗತಿಯೂ ಇಲ್ಲ ಎಂದು ಅರ್ಧ ಗಂಟೆ ಕೊರೆದೆ. ಬರೆದವರ ಕುತಂತ್ರವನ್ನು ಬಿಡಿಸಿ ಬಿಡಿಸಿ ತೋರಿಸಿದೆ. ಅವಳು ಕೊನೆಯವರೆಗೂ ಕೇಳಿ, ಮೆಲ್ಲಗೆ ಹೇಳಿದಳು: “ಅಲ್ರಾ ಸರ್, ಕೆಳಗೆ ನಿಮ್ಮದೇ ಸಹಿ ಅದೆಯಲ್ರಾ.”

ಇತ್ತು. ವಿಭಾಗದ ಮುಖ್ಯಸ್ಥನೆಂದು ನಾನೇ ಹಾಕಿದ ಸಹಿ. ಯಾವುದೋ ಸಭೆಯಲ್ಲಿ ಅವಲಕ್ಕಿಯ ತಟ್ಟೆಯ ಜೊತೆ ಆ ಹಾಳೆಯೂ ಬಂದಿತ್ತು. ನಾನು ಅವಲಕ್ಕಿಯನ್ನು ಮಾತ್ರ ಗಮನವಿಟ್ಟು ನೋಡಿದ್ದೆ. ಪ್ರಾಂಶುಪಾಲರ ಬಳಿ ಓಡಿದೆ. ಅವರು ಬಹಳ ಮರ್ಯಾದೆಯಿಂದ ಕೂರಿಸಿ, ಓದಿಯೇ ಸಹಿ ಮಾಡಿದ್ದೀರಲ್ಲ ಎಂದರು. ನಿವೃತ್ತಿಗೆ ಇನ್ನೆರಡೇ ವರ್ಷ, ಗ್ರಂಥಾಲಯ ನೋಡಿಕೊಂಡು ಆರಾಮಾಗಿರಿ ಎಂದೂ ಸೇರಿಸಿದರು. ಆ ಮಾತಿನ ಅರ್ಥ ನನಗೆ ಯಾವ ವಿಶ್ಲೇಷಣೆಯೂ ಇಲ್ಲದೆ ಆಯಿತು.

ಮಂಗಳವಾರ ಶೈಲಾ, ತರಗತಿ ನಿಲ್ಲಿಸಬೇಡಿ ಎಂದು ಒಂದು ಮನವಿ ಬರೆದು ತಂದಳು. ಐದೇ ಸಾಲು, ಪ್ರತಿ ವಾಕ್ಯಕ್ಕೂ ಕರ್ತೃ. ಶುಕ್ರವಾರ ಆಡಳಿತ ಮಂಡಳಿಯ ಸಭೆ, ಅಷ್ಟರೊಳಗೆ ಕೊಡಬೇಕು ಎಂದಳು. ಓದಿ ಕೊಡುತ್ತೇನೆ ಎಂದು ಕದ್ವಾಡದ ಮನೆಗೆ ಒಯ್ದೆ. ಬಸ್ಸಿನಲ್ಲಿ ಓದಿದೆ, ಜಗಲಿಯಲ್ಲಿ ಓದಿದೆ. ಬುಧವಾರ ಒಂದು ಅಲ್ಪವಿರಾಮ ಹಾಕಿದೆ, ಗುರುವಾರ ತೆಗೆದೆ. ಶುಕ್ರವಾರ ಮೈಗೆ ಆರಾಮಿಲ್ಲವೆಂದು ರಜೆ ಹಾಕಿದೆ. ಶನಿವಾರ ಹಾಳೆ ಹಿಂದಿರುಗಿಸಿ, “ಚಲೋ ಬರದ್ದೆ ನೀನು, ಎರಡೇ ತಪ್ಪು” ಎಂದೆ.

ಅವಳು ಹಾಳೆಯ ಕೆಳಭಾಗ ನೋಡಿದಳು. “ಮೊದ್ಲು ನಿಮ್ಮ ಸಹಿ ಇರ್ಲಿ ಅಂತ ಜಾಗ ಬಿಟ್ಟಿದ್ದೆ ಸರ್. ಸಭೆ ನಿನ್ನೆ ಮುಗೀತು.”

ಅವಳ ತಂಗಿ ಈಗ ಕಾಮರ್ಸಿಗೆ ಸೇರಿದ್ದಾಳೆ. ನಾನು ಗ್ರಂಥಾಲಯದಲ್ಲಿ ಕೂತಿರುತ್ತೇನೆ. ಆ ಮನವಿಯ ಹಾಳೆಯನ್ನು ಶೈಲಾ ಅಂದು ನನ್ನ ಮೇಜಿನ ಮೇಲೇ ಬಿಟ್ಟುಹೋದಳು. ಇಷ್ಟು ವರ್ಷದಲ್ಲಿ ನಾನು ಅಷ್ಟು ಎಚ್ಚರದಿಂದ ಓದಿದ ಬರಹ ಅದೊಂದೇ.